ಒಂದೇ ಸಲ ಕೆಟ್ಟ ಕಾರು

ಅಂಕಿಅಂಶವಿಲ್ಲದೆ ಅಭಿಪ್ರಾಯ ಹೇಳುವವರನ್ನು ಕಂಡರೆ ದಶಾಂಶರಿಗೆ ಮೈಯೆಲ್ಲ ಉರಿಯುತ್ತಿತ್ತು. ದಶಾಂಶ ಎಂಬುದು ಅವರ ಹೆಸರಲ್ಲ, ಬಲ್ಬು ಕಾರ್ಖಾನೆಯ ಸಹೋದ್ಯೋಗಿಗಳು ಪ್ರೀತಿಯಿಂದ ಇಟ್ಟದ್ದು (ಪ್ರೀತಿಯಿಂದ ಎಂಬುದು ಅವರದೇ ಊಹೆ, ಅದೊಂದಕ್ಕೆ ಮಾತ್ರ ಅಂಕಿಅಂಶವಿರಲಿಲ್ಲ). ಹತ್ತೊಂಬತ್ತು ವರ್ಷಗಳಿಂದ ಅವರ ಕೆಲಸ ಒಂದೇ: ನೂರು ಬಲ್ಬುಗಳನ್ನು ಸಾಲಾಗಿ ಉರಿಸಿಟ್ಟು, ಯಾವುದು ಎಷ್ಟು ಗಂಟೆ ಬಾಳಿತೆಂದು ಬರೆದುಕೊಳ್ಳುವುದು. ಕೆಟ್ಟ ಬಲ್ಬಿಗೊಂದು ಗೀಟು. ಬಲ್ಬು ಬುಟ್ಟಿಗೆ, ಗೀಟು ಪುಸ್ತಕಕ್ಕೆ.

ಈಗ ಮನೆಗೊಂದು ಕಾರು ಬೇಕಾಗಿತ್ತು. ಅವರ ಹೆಂಡತಿ ಆಪರೇಷನ್ ಥಿಯೇಟರ್‌ನ ನರ್ಸು. ಹನ್ನೆರಡು ವರ್ಷ ಕಾದ ಮೇಲೆ ಊರ ಹೊರಗಿನ ಹೊಸ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಹುದ್ದೆ ಸಿಕ್ಕಿತ್ತು. ಇಪ್ಪತ್ತೆರಡು ಕಿಲೋಮೀಟರ್ ದೂರ. ಮುಂದಿನ ತಿಂಗಳಿಂದ ಬೆಳಗ್ಗೆ ಏಳಕ್ಕೆ ಹಾಜರಿ. ಅಷ್ಟು ಬೇಗ ಆ ಕಡೆಗೆ ಬಸ್ಸಿಲ್ಲ. ಮೊದಲ ಮೂರು ತಿಂಗಳಲ್ಲಿ ಮೂರು ಸಲ ತಡವಾದರೆ ಹಳೆಯ ಹುದ್ದೆಗೇ ವಾಪಸ್ಸು ಎಂದು ಆದೇಶದಲ್ಲಿಯೇ ಬರೆದಿತ್ತು.

ಯಾವ ಕಾರಾದರೂ ಸರಿ, ಬೆಳಗ್ಗೆ ಹೊರಟರೆ ಸಾಕು ಎಂದರು ಹೆಂಡತಿ. ದಶಾಂಶರು ನೊಂದುಕೊಂಡರು. ಸ್ವದೇಶಿಯೋ ವಿದೇಶಿಯೋ ಎಂಬ ಮಹಾಪ್ರಶ್ನೆಯನ್ನು ಹೀಗೆ ಸೊಪ್ಪಿನ ಕಟ್ಟು ಕೊಂಡಂತೆ ಮುಗಿಸುವುದೇ? ಭಾವಮೈದುನ ಸ್ವದೇಶಿ ಎಂದ, ಏಕೆಂದರೆ ಅವನ ಬಳಿ ಸ್ವದೇಶಿ ಕಾರಿತ್ತು. ಪಕ್ಕದ ಮನೆಯ ದಂತವೈದ್ಯರು ವಿದೇಶಿ ಎಂದರು, ಏಕೆಂದರೆ ಭಾವಮೈದುನನ ಬಳಿ ಸ್ವದೇಶಿ ಇತ್ತು. ಇಂಥ ಅಜ್ಞಾನದ ಕತ್ತಲೆಗೆ ಜ್ಞಾನದ ಬಲ್ಬು ಹಿಡಿಯಲು ದಶಾಂಶರು ಕೂಡಿಟ್ಟ ರಜೆಯಲ್ಲಿ ಮೂವತ್ತು ದಿನ ತೆಗೆದು, ಒಂದು ರಿಜಿಸ್ಟರಿನೊಂದಿಗೆ ಬೀದಿ ಕೊನೆಯ ಗ್ಯಾರೇಜಿಗೆ ಹೋಗಿ ಕುಳಿತರು.

ಗ್ಯಾರೇಜಿನ ಯಜಮಾನ ಮೊದಲೆರಡು ದಿನ ಇವರನ್ನು ತೆರಿಗೆ ಇಲಾಖೆಯವರೆಂದು ತಿಳಿದು ಕಾಫಿ ಕೊಟ್ಟ. ಮೂರನೆಯ ದಿನ ನಿಜ ತಿಳಿದು ಕಾಫಿ ನಿಲ್ಲಿಸಿದ. ದಶಾಂಶರು ಧೃತಿಗೆಡಲಿಲ್ಲ. ಕಾರಿನ ಬಣ್ಣ, ದೇಶ, ರೋಗ, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಎಲ್ಲಕ್ಕೂ ಒಂದೊಂದು ಅಂಕಣ. ಸ್ವದೇಶಿ ಕಾರುಗಳು ಕೆಮ್ಮುತ್ತ, ಕುಂಟುತ್ತ ಬರುತ್ತಲೇ ಇದ್ದವು. ಚಿತ್ರಕಲೆಯ ಮೇಷ್ಟ್ರೊಬ್ಬರ ಬೂದು ಕಾರಂತೂ ಹನ್ನೊಂದು ಸಲ ಬಂತು. ಪ್ರತಿ ಸಲವೂ ದಶಾಂಶರು ಸಾವಿನ ಮನೆಗೆ ಬಂದವರಂತೆ ತಲೆಯಾಡಿಸಿದರು. ವಿದೇಶಿ ಕಾರು ಬಂದದ್ದು ಒಂದೇ ಸಲ. ನಾಲ್ಕನೆಯ ದಿನ ಬಂದ ಆ ನೀಲಿ ಸುಂದರಿ ಅಂಗಳದ ಮೂಲೆಯಲ್ಲಿ ನಿಂತಿತು. ಅದರ ಬಾನೆಟ್ಟು ಒಳ್ಳೆಯ ಎತ್ತರದಲ್ಲಿತ್ತು. ದಶಾಂಶರು ದಿನವೂ ಅದರ ಮೇಲೆ ರಿಜಿಸ್ಟರ್ ಇಟ್ಟುಕೊಂಡೇ ಬರೆದರು.

ತಿಂಗಳ ಕೊನೆಗೆ ಫಲಿತಾಂಶ: ಸ್ವದೇಶಿ ನೂರಹನ್ನೆರಡು, ವಿದೇಶಿ ಒಂದು. ರಸ್ತೆಯಲ್ಲಿ ಸ್ವದೇಶಿ ಕಾರುಗಳೇ ಹೆಚ್ಚಲ್ಲವೇ ಎಂದು ಯಾರಾದರೂ ಕೇಳಿಯಾರೆಂದು (ಯಾರೂ ಕೇಳಲಿಲ್ಲ) ವೃತ್ತದಲ್ಲಿ ನಿಂತು ಅದನ್ನೂ ಎಣಿಸಿದರು. ಒಂದಕ್ಕೆ ಒಂಬತ್ತು. ಅದನ್ನು ಭಾಗಿಸಿದ ಮೇಲೂ ವಿದೇಶಿಯದು ೧೨.೪ ಪಟ್ಟು ಮೇಲುಗೈ. ಅದೇ ದಿನ ನೀಲಿ ಕಾರು ಸರಿಹೋಯಿತು, ಅದರ ಮಾಲೀಕರು ಅದನ್ನು ಮಾರುತ್ತಾರೆಂದೂ ತಿಳಿಯಿತು. ಯೋಗ ಎಂದರೆ ಇದು.

"ಸರ್, ನನ್ನ ಕೇಳಿದ್ರೆ..." ಎಂದು ಯಜಮಾನ ಬಾಯಿ ತೆರೆದ.

"ನಿಮ್ಮನ್ನ ಕೇಳ್ತಿಲ್ಲ ಯಜಮಾನ್ರೇ. ಲೆಕ್ಕಾನ ಕೇಳಿದೀನಿ."

ನೀಲಿ ಸುಂದರಿ ಎಂಟು ದಿನ ಹೆಂಡತಿಯನ್ನು ರಾಣಿಯಂತೆ ಕರೆದೊಯ್ದಿತು. ಒಂಬತ್ತನೆಯ ದಿನ ಬೆಳಗ್ಗೆ ಆರಕ್ಕೆ, 'ದಯವಿಟ್ಟು ಕಂಪನಿಯನ್ನು ಸಂಪರ್ಕಿಸಿ' ಎಂದು ಪರದೆಯ ಮೇಲೆ ಸೌಜನ್ಯದಿಂದ ಬರೆದು ಕಣ್ಣು ಮುಚ್ಚಿತು. ಕಂಪನಿ ಎರಡು ಸಮುದ್ರಗಳ ಆಚೆ ಇತ್ತು. ಉಗುರಿನಷ್ಟು ದೊಡ್ಡ ಒಂದು ಭಾಗ ಹೋಗಿದೆ, ಹಡಗಿನಲ್ಲಿ ಬರಬೇಕು, ನಲವತ್ತು ದಿನವಾದೀತು ಎಂದ ಯಜಮಾನ. ಆ ದಿನ ಹೆಂಡತಿ ತಲುಪಿದ್ದು ಏಳೂ ಇಪ್ಪತ್ತೈದಕ್ಕೆ. ಮರುದಿನ ಬಾಡಿಗೆ ಕಾರಿನವನು ದಾರಿ ತಪ್ಪಿ ಏಳೂ ಹತ್ತಕ್ಕೆ ಇಳಿಸಿದ. ಇನ್ನು ಉಳಿದದ್ದು ಒಂದೇ ತಪ್ಪು.

ಸಂಜೆ ಹೆಂಡತಿ ರಿಜಿಸ್ಟರನ್ನು ಮಡಿಲಿಗೆ ಎಳೆದುಕೊಂಡರು.

"ಈ ನೀಲಿ ಕಾರು ನಾಲ್ಕನೇ ದಿನ ಒಳಗೆ ಬಂತು. ಹೊರಗೆ ಹೋದದ್ದು ಯಾವಾಗ?"

"ಮೂವತ್ತನೇ ದಿನ. ಆದ್ರೆ ನೋಡು, ಕೆಟ್ಟಿದ್ದು ಒಂದೇ ಸಲ."

"ಇಪ್ಪತ್ತಾರು ದಿನ ಎದ್ದೇಳದೇ ಇದ್ದೋನು ಎರಡನೇ ಸಲ ಹೇಗ್ರೀ ಬೀಳ್ತಾನೆ?"

ರಿಪೇರಿಯಾಗಿ ಮನೆಗೆ ಹೋದ ಬಲ್ಬನ್ನು ಹತ್ತೊಂಬತ್ತು ವರ್ಷಗಳಲ್ಲಿ ದಶಾಂಶರು ಕಂಡಿರಲಿಲ್ಲ. ಕೆಟ್ಟದ್ದು ಮತ್ತೆ ಏಳುವುದಕ್ಕೂ ಒಂದು ಹೊತ್ತು ಹಿಡಿಯುತ್ತದೆಂಬ ವಿಷಯ ಆ ವಿಜ್ಞಾನದಲ್ಲಿ ಇರಲೇ ಇಲ್ಲ.

"ನಮ್ಮ ಥಿಯೇಟರಲ್ಲಿ ಒಳಗೆ ಹೋದ ಕತ್ತರಿ ಎಷ್ಟು ಅಂತ ಎಣಿಸಿ ಸುಮ್ಮನಾಗಲ್ಲ," ಎಂದರು ಹೆಂಡತಿ. "ಹೊರಗೆ ಬಂತಾ ಅಂತ ಎಣಿಸ್ತೀವಿ. ಇಲ್ಲಾಂದ್ರೆ ರೋಗಿ ಕತ್ತರಿ ಸಮೇತ ಮನೆಗೆ ಹೋಗ್ತಾನೆ. ಈ ಬೂದು ಕಾರು ನೋಡಿ. ಹನ್ನೊಂದು ಸಲ ಒಳಗೆ, ಹನ್ನೊಂದು ಸಲ ಹೊರಗೆ. ಒಂದು ಸಲಾನೂ ಐವತ್ತು ನಿಮಿಷ ದಾಟಿಲ್ಲ. ಬರೆದಿರೋದು ನೀವೇ. ಓದೋದೊಂದು ಬಾಕಿ ಇತ್ತು."

ಕಣ್ಣು ಮಂಜಾಗಿ ಕಾರು ಬಿಡುವುದನ್ನೇ ಬಿಡಬೇಕೆಂದಿದ್ದ ಮೇಷ್ಟ್ರು ಅದನ್ನು ಮಾರಲು ಸಂತೋಷದಿಂದ ಒಪ್ಪಿದರು. ಅಂದು ರಾತ್ರಿಯೇ ಬೂದು ಕಾರು ಮನೆ ಮುಂದೆ ನಿಂತಿತು. ಇದು ಕೆಡುತ್ತೆ ಅಕ್ಕ, ಆದ್ರೆ ನಿಮ್ಮ ಎದುರಿಗೇ ಕೆಟ್ಟು ನಿಮ್ಮ ಎದುರಿಗೇ ಸರಿಹೋಗುತ್ತೆ ಎಂದ ಗ್ಯಾರೇಜಿನ ಯಜಮಾನ, ಎಲ್ಲಿ ತಟ್ಟಬೇಕು, ಯಾವ ತಂತಿ ಅಲ್ಲಾಡಿಸಬೇಕು ಎಂದು ಹತ್ತು ನಿಮಿಷದಲ್ಲಿ ಕಲಿಸಿಕೊಟ್ಟ. ಅದಕ್ಕೂ ಜಗ್ಗದಿದ್ದರೆ ಹಿಂದಿನಿಂದ ನೂಕಿದರಾಯಿತು.

ನೂಕುವವರು ಯಾರು ಎಂದು ದಶಾಂಶರು ಒಂದು ತಾಂತ್ರಿಕ ಲೋಪವನ್ನು ಎತ್ತಿ ತೋರಿಸಿದರು. ತೋರಿಸಬಾರದಿತ್ತು.

"ಆ ಬಿಡಿಭಾಗ ಮನೇಲೇ ಇದೆಯಲ್ಲ," ಎಂದರು ಹೆಂಡತಿ.

ಮರುದಿನದಿಂದ ಬೆಳಗ್ಗೆ ಆರಕ್ಕೆ ದಶಾಂಶರು ಕಾರ್ಖಾನೆಯ ಅಂಗಿ ತೊಟ್ಟು, ಕಾರು ಬಿಡುವ ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂರತೊಡಗಿದರು. ನೀಲಿ ಕಾರಿನ ಭಾಗ ಇನ್ನೂ ಹಡಗಿನಲ್ಲೇ ಇದೆಯೆಂದು ಕಂಪನಿ ವಾರಕ್ಕೊಮ್ಮೆ ಸೌಜನ್ಯದಿಂದ ತಿಳಿಸುತ್ತಿತ್ತು. ಬೂದು ಕಾರು ವಾರಕ್ಕೆರಡು ಸಲ ಕೆಟ್ಟರೂ ಹೆಂಡತಿಗೆ ಒಂದು ದಿನವೂ ತಡವಾಗಲಿಲ್ಲ.

ಮೂರು ತಿಂಗಳ ಗಡುವಿನ ಕೊನೆಯ ದಿನ, ಆಸ್ಪತ್ರೆ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ, ಖಾಲಿ ರಸ್ತೆಯಲ್ಲಿ ಕಾರು ನಿಂತಿತು. ತಟ್ಟಿದ್ದಾಯಿತು, ತಂತಿ ಅಲ್ಲಾಡಿಸಿದ್ದಾಯಿತು. ದಶಾಂಶರು ತೋಳು ಮಡಚಿ, ಉಸಿರು ಬಿಗಿಹಿಡಿದು ನೂಕಿದರು. ಆರೂ ನಲವತ್ತೇಳಕ್ಕೆ ಕಾರು ಗುರುಗುಟ್ಟಿ ಜೀವ ಹಿಡಿದು ಓಡತೊಡಗಿತು. ಇವರೂ ಹಿಂದೆ ಓಡಿದರು.

ಹೆಂಡತಿಯ ತಲೆ ಕಿಟಕಿಯಿಂದ ಹೊರಬಂತು. "ರೀ, ನಿಲ್ಲಿಸಿದ್ರೆ ಮತ್ತೆ ಆಫಾಗುತ್ತೆ. ಬರ್ತೀನಿ."

ದಶಾಂಶರ ಮಧ್ಯಾಹ್ನದ ಊಟದ ಡಬ್ಬಿ, ಕೊಡೆ, ಪರ್ಸು ಎಲ್ಲವನ್ನೂ ಹೊತ್ತುಕೊಂಡು ಕಾರು ತಿರುವಿನಲ್ಲಿ ಮರೆಯಾಯಿತು. ದಶಾಂಶರು ಏದುಸಿರಿನ ನಡುವೆಯೇ ಲೆಕ್ಕ ಹಾಕಿದರು. ನಾಲ್ಕು ಕಿಲೋಮೀಟರ್, ಆರು ನಿಮಿಷ. ಏಳು ನಿಮಿಷ ಮೊದಲೇ ತಲುಪುತ್ತಾಳೆ. ಎಷ್ಟೋ ದಿನಗಳ ಮೇಲೆ ಅವರ ಲೆಕ್ಕ ಸರಿಯಾಗಿತ್ತು. ಹಾಗೆಂದು ಹೇಳಿಕೊಳ್ಳಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ದೂರದಲ್ಲಿ ಒಂದು ಕಾರು ಬರುತ್ತಿತ್ತು. ದಶಾಂಶರು ರಸ್ತೆಯ ನಡುವೆ ನಿಂತು ಎರಡೂ ಕೈ ಮೇಲೆತ್ತಿದರು. ಅದು ಸ್ವದೇಶಿಯೋ ವಿದೇಶಿಯೋ ಎಂದು ಅವರು ನೋಡಲಿಲ್ಲ.