ಒದ್ದೆಯಾಗದ ಟವೆಲು

ನಮ್ಮ ದೊಡ್ಡಮ್ಮನಿಗಿರುವಷ್ಟು ಕಡಲಿನ ಹುಚ್ಚು ಕೆನಡಾದ ಈ ಬ್ರ್ಯಾಂಪ್ಟನ್ನಿನಲ್ಲಿ ಇನ್ನೊಬ್ಬರಿಗಿಲ್ಲ ಎಂದು ಪಣ ಕಟ್ಟಿ ಹೇಳಬಲ್ಲೆ. ಆದರೆ ಅವರು ತಮ್ಮ ಇಷ್ಟು ವರ್ಷದ ಆಯುಷ್ಯದಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವರಲ್ಲ! ಕಡಲು ಎಂದರೆ ಅವರ ಪ್ರಕಾರ ದೂರದಿಂದ ನೋಡುವುದು, ಅದರ ಎದುರು ಕೂತು ಚಹ ಕುಡಿಯುವುದು, ಅದರಿಂದ ಎದ್ದು ಬಂದವರಿಗೆ ಟವೆಲು ಹಿಡಿಯುವುದು. ಇಷ್ಟೆಲ್ಲ ನಡೆಯಬೇಕಾದರೆ ಕಾರು ಓಡಿಸುವವನೊಬ್ಬ ಬೇಡವೆ? ಅವನೇ ನಾನು.

ದೊಡ್ಡಮ್ಮನ ಮಗಳು ನನಗೆ ಅಕ್ಕ. ಅವಳ ಮನೆಯ ಬೇಸ್‌ಮೆಂಟಿನಲ್ಲಿ ನನ್ನ ವಾಸ. ವಾರದಲ್ಲಿ ಆರು ದಿನ ಬೋಲ್ಟನ್ನಿನ ಗೋದಾಮಿನಲ್ಲಿ ಡಬ್ಬ ಎತ್ತಿಡುವ ಕೆಲಸ, ಏಳನೆಯ ದಿನ ಕಡಲು. ಈ ಸೀಮೆಯಲ್ಲಿ ಕಡಲೇ ಇಲ್ಲ ಎಂಬುದು ಬೇರೆ ಮಾತು. ಇರುವುದು ಒಂಟಾರಿಯೋ ಸರೋವರ. ಅದರ ಮುಂದೆ ಮೊದಲ ಸಲ ನಿಲ್ಲಿಸಿದಾಗ ದೊಡ್ಡಮ್ಮ ಬಗ್ಗಿ, ಒಂದು ಬೆರಳು ಅದ್ದಿ, ನಾಲಿಗೆಗೆ ತಾಗಿಸಿ ನೋಡಿದರು.

"ಉಪ್ಪೇ ಇಲ್ಲ. ಇದು ಕೆರೆ ಮಾರಾಯ."

"ಅಜ್ಜೀ, ಇಟ್ಸ್ ಎ ಲೇಕ್. ವಿ ಟೋಲ್ಡ್ ಯೂ," ಎಂದಳು ಅಕ್ಕನ ಮಗಳು.

"ಇರ್ಲಿ. ಇಲ್ಲದ್ದಕ್ಕೆ ಇದಾದ್ರೂ ಉಂಟಲ್ಲ," ಎಂದು ದೊಡ್ಡಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಅಲ್ಲಿಗೆ ನನ್ನ ಭಾನುವಾರಗಳ ಕಥೆ ಮುಗಿಯಿತು.

ಈ ಹುಚ್ಚು ಹತ್ತಿದ್ದು ಉಡುಪಿಯಲ್ಲಲ್ಲ. ಅಲ್ಲಿ ಅವರ ತವರುಮನೆಯ ಜಗಲಿಗೆ ಅಲೆಯ ಸದ್ದು ಕೇಳುತ್ತಿತ್ತಂತೆ. ಆದರೂ ಅಮಾವಾಸ್ಯೆಯ ಸ್ನಾನ, ಬೂದಿ ಬಿಡುವುದು, ಇವೆರಡನ್ನು ಬಿಟ್ಟು ಮರ್ಯಾದಸ್ಥರಿಗೆ ಕಡಲಲ್ಲಿ ಏನು ಕೆಲಸ? ಹುಚ್ಚು ಹತ್ತಿದ್ದು ಇಂಗ್ಲೆಂಡಿನಲ್ಲಿ. ಮದುವೆಯಾದ ಹೊಸದರಲ್ಲಿ ದೊಡ್ಡಪ್ಪನಿಗೆ ಅಲ್ಲಿಯ ಪೂರ್ವ ಕರಾವಳಿಯ ಸಣ್ಣ ಊರೊಂದರ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸವಾಯಿತು. ಮಗಳ ಹಿಂದೆ ಕೆನಡಾಕ್ಕೆ ಬರುವ ತನಕ ಇಬ್ಬರೂ ಅಲ್ಲೇ ಇದ್ದರು.

ಆ ಊರಿನ ಕಡಲನ್ನು ನಾನು ಕಂಡಿಲ್ಲ. ಆದರೆ ಕೇಳಿ ಕೇಳಿಯೇ ನನಗೆ ಶೀತವಾಗಿದೆ. ಅಲ್ಲಿ ಮರಳಿಗಿಂತ ಕಲ್ಲು ಹೆಚ್ಚಂತೆ. ಗಾಳಿಗೆ ತಡೆಯಾಗಿ ಕೋಲು ನೆಟ್ಟು ಬಟ್ಟೆ ಕಟ್ಟಿಕೊಂಡು, ಕೋಟು ಹಾಕಿಕೊಂಡೇ ಜನ ಬೇಸಿಗೆಯನ್ನು ಅನುಭವಿಸುತ್ತಿದ್ದರಂತೆ. ಗಂಡಸರು ಕರವಸ್ತ್ರದ ನಾಲ್ಕು ಮೂಲೆಗೆ ಗಂಟು ಹಾಕಿ ತಲೆಗೆ ಟೋಪಿ ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದರಂತೆ. ಮಕ್ಕಳು ಕತ್ತೆ ಸವಾರಿ ಮಾಡುತ್ತಿದ್ದರಂತೆ, ಸ್ಯಾಂಡ್‌ವಿಚ್ಚಿನಲ್ಲಿ ಟೊಮೆಟೊ ಎಷ್ಟೋ ಮರಳೂ ಅಷ್ಟೇ ಇರುತ್ತಿತ್ತಂತೆ. ಮಳೆ ಬಂದರೆ? ಮನೆಗೆ ಹೋಗುವುದೆ? ಛೆ! ಕಾರನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿ, ಗಾಜು ಏರಿಸಿ, ಒಳಗೆ ಕೂತು ಚಹ ಕುಡಿಯುವುದು. ಮಂಜು ಹಿಡಿದ ಗಾಜಿನಾಚೆ ಏನೂ ಕಾಣುತ್ತಿರಲಿಲ್ಲವಂತೆ. ಆದರೂ ನೋಡುವುದು.

ಈ ಪದ್ಧತಿಯನ್ನು ದೊಡ್ಡಮ್ಮ ಬ್ರ್ಯಾಂಪ್ಟನ್ನಿಗೂ ತಂದರು. ಒಂದು ಭಾನುವಾರ ನನಗೆ ಹೆಚ್ಚುವರಿ ಶಿಫ್ಟು ಬಿದ್ದು ಹೋಗಲಾಗಲಿಲ್ಲ. ಸಂಜೆ ಬಂದು ನೋಡಿದರೆ, ಮಳೆ ಹುಯ್ಯುತ್ತಿದೆ, ಅಕ್ಕನ ಕಾರು ಡ್ರೈವ್‌ವೇಯಲ್ಲಿ ಗ್ಯಾರೇಜಿನ ಬಾಗಿಲಿಗೆ ಮುಖ ಮಾಡಿ ನಿಂತಿದೆ, ಮುಂದಿನ ಸೀಟಿನಲ್ಲಿ ದೊಡ್ಡಮ್ಮ ಫ್ಲಾಸ್ಕು ಹಿಡಿದು ಕೂತಿದ್ದಾರೆ. ಸ್ಟೀರಿಂಗಿನ ಹಿಂದೆ ಪಕ್ಕದ ಮನೆಯ ಪಂಜಾಬಿ ಟ್ರಕ್ ಡ್ರೈವರ್! ಪಾಪ, ಮುದುಕಿಗೆ ಏನೋ ಆಗಿದೆ ಎಂದು "ಆಂಟೀಜಿ, ಸಬ್ ಠೀಕ್?" ಎಂದು ಕೇಳಲು ಬಂದವನ ಕೈಗೆ ಇವರು ಕಪ್ಪು ಕೊಟ್ಟು ಕೂರಿಸಿಕೊಂಡಿದ್ದರು. ಇಬ್ಬರೂ ಮಾತಿಲ್ಲದೆ ಗ್ಯಾರೇಜಿನ ಬಾಗಿಲನ್ನೇ ನೋಡುತ್ತಿದ್ದರು.

"ಬಹುತ್ ಶಾಂತಿ ಹೈ ಭಾಯಿ," ಎಂದ ಅವನು ಇಳಿಯುತ್ತಾ. ಆಮೇಲೆ ಮಳೆ ಬಂದಾಗಲೆಲ್ಲ ಅವನೂ ಹಾಜರು.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಆ ಟವೆಲು.

ದೊಡ್ಡಪ್ಪ ಇಂಗ್ಲೆಂಡಿನ ಕಡಲಿಗೆ ಬೇಸಿಗೆಯ ಪ್ರತಿ ಭಾನುವಾರ ಇಳಿಯುತ್ತಿದ್ದರು. ತುಟಿ ನೀಲಿಯಾಗಿ ಹಲ್ಲು ಕಟಕಟಿಸುತ್ತಿದ್ದರೂ ನೀರಿನಿಂದಲೇ ಕೂಗುತ್ತಿದ್ದರಂತೆ, "ಇಳಿದ ಮೇಲೆ ಚಳಿ ಇಲ್ಲ ಮಾರಾಯ್ತಿ, ನೀನೂ ಬಾ." ದೊಡ್ಡಮ್ಮ ಹೋಗುತ್ತಿರಲಿಲ್ಲ. ಅಲ್ಲಿ ಎಲ್ಲರೂ ದಡದಲ್ಲೇ ಟವೆಲಿನ ಮರೆಯಲ್ಲಿ ಬಟ್ಟೆ ಬದಲಿಸುವುದು. ನಮ್ಮ ದೊಡ್ಡಪ್ಪನೋ ಮಹಾ ನಾಚಿಕೆಯ ಮನುಷ್ಯ. ಇಬ್ಬರೂ ನೀರಿಗಿಳಿದರೆ ಮರೆ ಹಿಡಿಯುವವರು ಯಾರು? ಹಾಗಾಗಿ ದೊಡ್ಡಮ್ಮ ನೀಲಿ ಪಟ್ಟೆಯ ದೊಡ್ಡ ಟವೆಲನ್ನು ಎರಡೂ ಕೈಯಲ್ಲಿ ಅಗಲಿಸಿ, ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದರು. ಕೆನಡಾಕ್ಕೆ ಬಂದ ಮೇಲೂ ದೊಡ್ಡಪ್ಪ ಕೆರೆಯನ್ನು ಬಿಡಲಿಲ್ಲ, ದೊಡ್ಡಮ್ಮ ಟವೆಲನ್ನು ಬಿಡಲಿಲ್ಲ.

ದೊಡ್ಡಪ್ಪ ತೀರಿಕೊಂಡು ಎರಡು ಚಳಿಗಾಲ ಕಳೆದವು. ದೊಡ್ಡಮ್ಮ ಈಗಲೂ ದಡದಲ್ಲಿ ಟವೆಲು ಅಗಲಿಸಿ ನಿಲ್ಲುತ್ತಾರೆ! ಒಬ್ಬ ಮನುಷ್ಯ ಈಜಿ ಬರಲು ಬೇಕಾಗುವಷ್ಟು ಹೊತ್ತು ನಿಂತು, ಮಡಚಿ, ಚೀಲಕ್ಕೆ ಹಾಕುತ್ತಾರೆ. ಬೇರೆ ಯಾರಿಗೂ ಕೊಡುವುದಿಲ್ಲ, ಒದ್ದೆಯಾಗದ್ದನ್ನು ಒಗೆಯುವುದೇಕೆ ಎಂದು ಒಗೆಯಲೂ ಬಿಡುವುದಿಲ್ಲ. ಮೊಮ್ಮಗಳು ತೊಟ್ಟಿಕ್ಕುತ್ತಾ ಬಂದರೆ ಅವಳಿಗೆ ಬೇರೆ ಟವೆಲು. ಒಮ್ಮೆ ಯಾರೋ ಹೆಂಗಸು ಇವರನ್ನು ಮಾರುವವರೆಂದು ತಿಳಿದು ಹತ್ತಿರ ಬಂದು, ಬೇರೆ ಬಣ್ಣದ್ದು ಇದೆಯೇ ಎಂದು ಕೇಳಿದಳು.

"ನಾಟ್ ಫಾರ್ ಸೇಲ್, ಡಿಯರ್," ಎಂದರು ದೊಡ್ಡಮ್ಮ, ಕೈ ಇಳಿಸದೆ.

ನಾಚಿಕೆಗೆ ನಾನು ಮರಳಲ್ಲಿ ಗುಂಡಿ ತೋಡಿ ಮಲಗುವುದೊಂದು ಬಾಕಿ. ನಗು ಬರುತ್ತಿತ್ತು ನಿಜ. ಆದರೆ ಮನೆಗೆ ಬಂದು ಬೇಸ್‌ಮೆಂಟಿನ ದೀಪ ಹಾಕಿದಾಗ ಅದು ನಿಲ್ಲುತ್ತಿತ್ತು. ಬರಲಾರದವರಿಗೆ ಒಬ್ಬರು ಟವೆಲು ಹಿಡಿದು ನಿಂತಿದ್ದಾರೆ. ಕೆಲಸ ಮುಗಿಸಿ ದಿನಾ ಬರುವ ನನಗೆ ಬಾಗಿಲು ತೆಗೆಯುವವರೂ ಇಲ್ಲ. ಇದರಲ್ಲಿ ಯಾವುದು ಹೆಚ್ಚು ದುಃಖದ್ದು ಎಂದು ನನಗೆ ಈಗಲೂ ತಿಳಿದಿಲ್ಲ.

ಅಕ್ಕನಿಗೂ ಸಾಕಾಗಿತ್ತು. ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಬೆಳಿಗ್ಗೆ ನನ್ನನ್ನು ಅಡಿಗೆಮನೆಗೆ ಕರೆದಳು.

"ಅಮ್ಮನ ಕಾಲು ಈಗ ಗಟ್ಟಿ ಇಲ್ಲ. ಅಲ್ಲಿ ಬಿದ್ರೆ ಎಂಥ ಮಾಡುದು? ಇವತ್ತೇ ಲಾಸ್ಟ್. ಆ ಟವೆಲನ್ನು ಡೊನೇಷನ್ ಬಾಕ್ಸಿಗೆ ಹಾಕುವ. ನೀನೇ ಹೇಳು. ನಾನು ಹೇಳಿದ್ರೆ ಅಳು ಬರ್ತದೆ."

ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಯಾವಾಗಲೂ ಬೇಸ್‌ಮೆಂಟಿನವನಿಗೇ.

ಆ ದಿನ ದಡದಲ್ಲಿ ನಾವಿಬ್ಬರೇ. ಗಾಳಿ ಕೆನ್ನೆಗೆ ಹೊಡೆಯುತ್ತಿತ್ತು. ದೊಡ್ಡಮ್ಮ ಎಂದಿನಂತೆ ಟವೆಲು ಅಗಲಿಸಿ ನಿಂತರು. ಗಾಳಿಗೆ ಅದು ಪಟಪಟ ಬಡಿದು ಅವರನ್ನೇ ಹಿಂದಕ್ಕೆ ದೂಡುತ್ತಿತ್ತು.

"ದೊಡ್ಡಮ್ಮ, ಸಾಕಲ್ವಾ ಇದು? ದೊಡ್ಡಪ್ಪ ಬರುದಿಲ್ಲ."

"ನಂಗೆ ಗೊತ್ತಿಲ್ವಾ?" ಅವರು ತಿರುಗಲಿಲ್ಲ. "ಅರಳು ಮರಳು ಅಂತ ಮಾಡಿದ್ಯಾ ನನಗೆ?"

"ಮತ್ತೆ ಎಂಥಕ್ಕೆ?"

ಅವರು ಗಾಳಿಗೆ ಮಡಚಿಕೊಂಡಿದ್ದ ಟವೆಲಿನ ಅಂಚನ್ನು ಬಿಡಿಸಿ ಹಿಡಿದರು.

"ಅವರು ಹೋದ ದಿನ ಹಿಮ ಬಿದ್ದು ರಸ್ತೆ ಕಟ್ಟಿತ್ತಲ್ಲ. ನಾವು ಫ್ಯೂನರಲ್ ಹೋಮಿಗೆ ಹೋಗಿ ಮುಟ್ಟುವಾಗ ಅಲ್ಲಿಯವ್ರೇ ಅವರಿಗೆ ಸ್ನಾನ ಮಾಡ್ಸಿ, ಪಂಚೆ ಉಡ್ಸಿ ಮಲಗ್ಸಿದ್ರು. ಒಳ್ಳೆ ಜನ, ಎಲ್ಲ ಚಂದ ಮಾಡಿದ್ರು. ಆದ್ರೆ ಕೂದಲು ಒದ್ದೆ ಇತ್ತು ಮಗ. ನಾನು ಮುಟ್ಟಿ ನೋಡಿದೆ. ಟವೆಲು ನನ್ನ ಚೀಲದಲ್ಲೇ ಇತ್ತು. ಅಷ್ಟು ಜನರೆದುರು ತೆಗೀಲಿಕ್ಕೆ ನಾಚಿಕೆ ಆಯ್ತು."

ಅಕ್ಕ ಹೇಳಿಕೊಟ್ಟದ್ದೆಲ್ಲ ಮರೆತುಹೋಯಿತು.

ಈಗ ಒಂದು ವಿಷಯ ಹೇಳಬೇಕು. ಕರಾವಳಿಯಲ್ಲಿ ಹುಟ್ಟಿದರೂ ನನಗೆ ಈಜು ಬರುವುದಿಲ್ಲ, ನೀರೆಂದರೆ ಭಯ. ಇಷ್ಟು ಭಾನುವಾರಗಳಲ್ಲಿ ಒಂದು ದಿನವೂ ನಾನು ಬೂಟು ಬಿಚ್ಚಿದವನಲ್ಲ. ಆ ದಿನ ಬಿಚ್ಚಿದೆ. ಜಾಕೆಟ್ಟು, ಅಂಗಿ, ಬನಿಯನ್ನು ತೆಗೆದು ಕಲ್ಲಿನ ಮೇಲಿಟ್ಟು, ಪ್ಯಾಂಟಿನಲ್ಲೇ ನಡೆದೆ. ನೀರು ಪಾದಕ್ಕೆ ತಾಗಿದಾಗ ಅಮ್ಮ ನೆನಪಾದಳು, ಮೊಣಕಾಲಿಗೆ ಬಂದಾಗ ಮನೆದೇವರು. ಸೊಂಟಕ್ಕೆ ಬಂದಾಗ ಯಾರೂ ನೆನಪಾಗಲಿಲ್ಲ. ಮೂಗು ಹಿಡಿದು ಮುಳುಗಿ ಎದ್ದೆ. ಇಳಿದ ಮೇಲೆ ಚಳಿ ಇಲ್ಲವಂತೆ! ದೊಡ್ಡಪ್ಪನಷ್ಟು ದೊಡ್ಡ ಸುಳ್ಳುಗಾರ ನಮ್ಮ ವಂಶದಲ್ಲಿ ಇನ್ನೊಬ್ಬ ಹುಟ್ಟಿಲ್ಲ.

ಹಲ್ಲು ಕಚ್ಚಿಕೊಂಡು ದಡಕ್ಕೆ ಬಂದೆ. ದೊಡ್ಡಮ್ಮ ಬೈಯಲಿಲ್ಲ, ಏನು ಎತ್ತ ಎಂದು ಕೇಳಲಿಲ್ಲ. ಮುಖವನ್ನು ಆಚೆ ತಿರುಗಿಸಿ ಟವೆಲನ್ನು ಇನ್ನಷ್ಟು ಅಗಲ ಮಾಡಿದರು. ನಾನು ಅದರೊಳಗೆ ಹೋದೆ. ಅವರು ನನ್ನನ್ನು ಸುತ್ತಿ, ತಲೆ ಬಗ್ಗಿಸಿ, ಉಜ್ಜತೊಡಗಿದರು. ಆ ಕೈಗೆ ಅಷ್ಟು ಬಲ ಎಲ್ಲಿತ್ತೋ! ಕಿವಿಯ ಹಿಂದೆ, ಕತ್ತಿನ ಸಂದಿಯಲ್ಲಿ, ನೆತ್ತಿಯ ಮೇಲೆ ಮತ್ತೆ ಮತ್ತೆ ಒರೆಸಿದರು. ಒಂದು ಕೂದಲೂ ಒದ್ದೆ ಉಳಿಯದ ಹಾಗೆ, ಬಹಳ ಹೊತ್ತು ಒರೆಸಿದರು. ಅವರು ಅಳುತ್ತಿದ್ದರು, ನಾನೂ ಅಳುತ್ತಿದ್ದೆ.

ಆಮೇಲೆ ಟವೆಲನ್ನು ನೀರಿನ ಕಡೆಗೆ ಹಿಡಿದು ಹಿಂಡಿದರು. ನಾಲ್ಕು ಹನಿ ಬಿತ್ತು.

"ಒದ್ದೆ ಆಯ್ತು," ಎಂದರು ದೊಡ್ಡಮ್ಮ. "ಇನ್ನು ಇದನ್ನು ಒಗೀಬಹುದು."