ಸೊರಬದ ಮುಖ, ಶಿಕಾರಿಪುರದ ಮೆಂತ್ಯ

ತಪ್ಪು ನನ್ನದೇ. ಮೆಂತ್ಯದ್ದಲ್ಲ, ಗೋಂದಿನದ್ದಲ್ಲ, ಅಕ್ಕನ ಮಕ್ಕಳದ್ದಂತೂ ಅಲ್ಲವೇ ಅಲ್ಲ. ಕಾಗದದ ಮುದ್ದೆಯನ್ನು ಸ್ವಂತ ಮುಖಕ್ಕೆ, ಸ್ವಂತ ಇಚ್ಛೆಯಿಂದ, ಹಾಡುಹಗಲಲ್ಲಿ ಮೆತ್ತಿಸಿಕೊಂಡವನು ನಾನು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ನೀವು ನಿಶ್ಚಿಂತೆಯಿಂದ ಓದಬಹುದು. ನಮ್ಮ ಭಾವನ ಹಾಗೆ ಮಧ್ಯೆ ಮಧ್ಯೆ ಹಣೆ ಚಚ್ಚಿಕೊಳ್ಳುವ ಅಗತ್ಯ ಬೀಳುವುದಿಲ್ಲ.

ಆಗ ಹೊಸ ಪೈಸೆ ಬಂದ ಹೊಸತು. ಎಸ್ಸೆಸ್ಸೆಲ್ಸಿ ಮುಗಿಸಿ, ಮಾಸ್ತರಿಕೆಗೆ ಅರ್ಜಿ ಹಾಕಿ, ಶಿಕಾರಿಪುರದಲ್ಲಿ ಅಕ್ಕನ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ಭಾವ ರುದ್ರಪ್ಪನವರದು ಜವಳಿ ಅಂಗಡಿ. ಅಲ್ಲಿ ನನಗೆ ಕೊಟ್ಟ ಕೆಲಸ ಬಟ್ಟೆ ಮಡಚುವುದು. ನಾನು ಮಾಡುತ್ತಿದ್ದ ಕೆಲಸ ಗಿರಾಕಿಗಳನ್ನು ಅಣಕಿಸುವುದು. ಆಣೆ ಬಿಡದ ಅಜ್ಜಿ ಮತ್ತು ಪೈಸೆ ಬಿಡದ ಗುಮಾಸ್ತ, ಇಬ್ಬರ ಜಗಳವನ್ನೂ ನಾನೊಬ್ಬನೇ ಎರಡು ದನಿಯಲ್ಲಿ ಆಡಿ ತೋರಿಸುತ್ತಿದ್ದೆ. ಒಂದು ದಿನ ಅದೇ ಅಜ್ಜಿ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡಳು. ಅವತ್ತೇ ಭಾವ ನನ್ನನ್ನು ಅಂಗಡಿಯಿಂದ ಮನೆಗೆ ವರ್ಗ ಮಾಡಿದರು.

ಇಂಥ ನನಗೂ ಒಂದು ಹೆಣ್ಣು ನೋಡಿದರು. ಸೊರಬದ ಹೆಣ್ಣು, ಹೆಸರು ನೀಲಾ. ಅವಳ ತಂದೆ ಚನ್ನಬಸಪ್ಪನವರು ಭತ್ತದ ವ್ಯಾಪಾರಸ್ಥರು. ಹೆಣ್ಣು ನೋಡಲು ಹೋದವನು ನಾನು ನೋಡಿದ್ದೆಲ್ಲ ಮಾವನವರಾಗುವವರನ್ನೇ. ಏನು ಕೇಳಿದರೂ ಆ ಮನುಷ್ಯ ಮೊದಲು ಎಲೆಅಡಿಕೆಯನ್ನು ಬಲಗೆನ್ನೆಗೆ ದಬ್ಬುವರು, ಎಡಹುಬ್ಬು ಏರಿಸುವರು, ಒಂದು ಒಣಕೆಮ್ಮು ಕೆಮ್ಮುವರು, ತೊಲೆ ನೋಡುವರು, ಆಮೇಲೆ "ನೋಡಾನ" ಎನ್ನುವರು. ಈ ಸಲ ಮಳೆ ಹೇಗೆ? ನೋಡಾನ. ಊಟಕ್ಕೆ ಏಳೋಣವೇ? ನೋಡಾನ.

ಊಟದ ಹೊತ್ತಿಗೆ ಆಗಬಾರದ್ದು ಆಯಿತು. "ಇನ್ನೊಂದು ಹೋಳಿಗೆ ಹಾಕಾನ?" ಎಂದು ಅವರು ಕೇಳಿದಾಗ ನನ್ನ ಎಡಹುಬ್ಬು ತಾನಾಗಿ ಮೇಲೆದ್ದಿತು, ಕಣ್ಣು ತೊಲೆಗೆ ಹೋಯಿತು, ಬಾಯಿಂದ "ನೋಡಾನ" ಎಂದು ಅವರದೇ ದನಿ ಬಂತು. ಪುಣ್ಯಕ್ಕೆ ಅವರೂ ತೊಲೆಯನ್ನೇ ನೋಡುತ್ತಿದ್ದರು. ಆದರೆ ಅಡುಗೆಮನೆ ಬಾಗಿಲ ಹಿಂದೆ ಯಾರೋ ನಕ್ಕು, ನಗುವನ್ನು ಸೆರಗಿಗೆ ತುಂಬಿಕೊಂಡ ಸದ್ದಾಯಿತು. ಬಳೆ ಘಲ್ಲೆಂದವು. ಆ ನಗು ಕೇಳಿದ ಮೇಲೆ ನನಗೆ ಬೇರೆ ಹೆಣ್ಣು ಬೇಡವಾಯಿತು.

ಹೊರಡುವಾಗ ಚನ್ನಬಸಪ್ಪನವರು ಭಾವನನ್ನು ಕೇಳಿದರು: "ಹುಡುಗ ಎಂತ ಮಾಡ್ಕಂಡಿದಾನೆ?"

ಗಜ ಅಳೆಯುವಾಗಲೂ ಒಂದು ಬೆರಳು ಹೆಚ್ಚು ಬಿಡುವ ಪ್ರಾಮಾಣಿಕ ನಮ್ಮ ಭಾವ. ಅವತ್ತು ಅವರು ಕಣ್ಣು ಮುಚ್ಚಿ ಸುಳ್ಳು ಹೇಳಿದರು. "ಮಕ್ಕಳಿಗೆ ಮನ್ಯಾಗೇ ವಿದ್ಯೆ ಕಲಿಸ್ತಾನ್ರಿ. ಚಿತ್ರ, ಕೈಗೆಲಸ, ಆಟದಾಗ ಲೆಕ್ಕ. ಓಣಿ ಮಂದಿಯೆಲ್ಲಾ ನೋಡಾಕ್ ಬರ್ತಾರ."

"ಹಂಗಾರೆ ನಾನೂ ಬಂದು ಕಣ್ಣಾರೆ ನೋಡಾನ. ಆಮೇಲೆ ಮಾತು ಕೊಡಾನ," ಎಂದರು ಅವರು.

ಬಸ್ಸು ಹತ್ತಿದ ಮೇಲೆ ಭಾವ ನನ್ನ ಕಡೆ ತಿರುಗಿದರು. "ನಾ ಜನ್ಮದಾಗ ಹೇಳಿದ್ದು ಇದೊಂದೇ ಸುಳ್ಳು ಮಲ್ಲೇಶಿ. ಅವರು ಬರೋದ್ರಾಗ ಅದನ್ನ ಖರೇ ಮಾಡು."

ಅಷ್ಟೇ ತಾನೇ! ಅಕ್ಕನಿಗೆ ಇಬ್ಬರು ಮಕ್ಕಳು. ಶಾಂತಿ ಮೂರನೇ ಇಯತ್ತೆ, ಬಸು ಒಂದನೆಯದು. ಬೇಸಿಗೆ ರಜೆ ಬೇರೆ. ಮರುದಿನವೇ ಪಡಸಾಲೆಯಲ್ಲಿ ಗೃಹ ವಿದ್ಯಾಲಯವು ಸಕಲ ಮರ್ಯಾದೆಗಳೊಂದಿಗೆ ಪ್ರಾರಂಭವಾಯಿತು. ಉದ್ಘಾಟನಾ ಭಾಷಣ ನನ್ನದು. ಸಭಿಕರಲ್ಲಿ ಒಬ್ಬ ಅರ್ಧಕ್ಕೆ ಎದ್ದು ಉಚ್ಚೆ ಹೊಯ್ಯಲು ಹೋದ.

ಮೊದಲ ಪಾಠ, ಆಟದಲ್ಲಿ ಲೆಕ್ಕ. ಹುಣಸೆ ಬೀಜ ಕೊಟ್ಟು ಕೂಡಿಸಿ ಎಂದೆ. ಬಸುವಿನ ಲೆಕ್ಕದಲ್ಲಿ ಒಂದು ಬೀಜ ಕಡಿಮೆ ಬಂತು. ಹುಡುಕಿದರೆ ಅದು ಅವನ ಮೂಗಿನಲ್ಲಿತ್ತು. ಅಕ್ಕ ನಶ್ಯ ಹಾಕಿ ಸೀನಿಸಿ ಲೆಕ್ಕ ಸರಿ ಮಾಡಿದಳು.

ಎರಡನೇ ಪಾಠ, ಬೆಂಡೆಕಾಯಿ ಅಚ್ಚು. ಬೆಂಡೆಯನ್ನು ಅಡ್ಡ ಕೊಯ್ದು ಕುಂಕುಮದ ನೀರಿಗೆ ಅದ್ದಿ ಒತ್ತಿದರೆ ಚೆಂದದ ಹೂವು ಮೂಡುತ್ತದೆ. ಮಕ್ಕಳು ಎಲ್ಲಿ ಒತ್ತಬೇಕು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಗ್ಗದ ಮೇಲಿದ್ದ ಭಾವನ ಬಿಳಿ ಪಂಚೆಯ ಹಿಂಭಾಗದಲ್ಲಿ ಒಂದು ತೋಟವೇ ಅರಳಿತು. ಭಾವ ಅದನ್ನು ಕಾಣದೆ ಉಟ್ಟು ಅಂಗಡಿಗೆ ಹೋದರು. ಸಂಜೆ ಬಂದು ಪಂಚೆ ಕಿತ್ತೆಸೆದು ಹೇಳಿದರು: "ಉಡುತಡಿಯಿಂದ ಬಂದ ಗಿರಾಕಿ ಒಬ್ಬ, ಈ ಅಚ್ಚಿನ ಬಟ್ಟೆ ಎರಡು ಗಜ ಹರೀರಿ ಅಂತ ಕುಂತೇಬಿಟ್ಟಾನ. ತಿರುಗಿ ನೋಡ್ಕೊಂಡ ಮ್ಯಾಲೆ ನಾ ಗೋಡೆ ಬಿಟ್ಟು ಸರಿದಿಲ್ಲ."

"ವಿದ್ಯೆಗೆ ಸ್ವಲ್ಪ ನಷ್ಟ ಆಗ್ತೈತಿ ಭಾವ," ಎಂದೆ. ಅವರು ಪಂಚೆಯನ್ನು ನನ್ನ ತಲೆಯ ಮೇಲೆ ಹಾಕಿದರು.

ಮೂರನೆಯದೇ ಮುಖವಾಡ. ನಮ್ಮ ಕಡೆ ಹೆಂಗಸರು ಹಳೆ ಕಾಗದ ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ಆ ಮುದ್ದೆಯನ್ನು ಬೋರಲು ಹಾಕಿದ ಗಡಿಗೆಯ ಮೇಲೆ ಮೆತ್ತಿ ಒಣಗಿಸಿ ಬುಟ್ಟಿ ಮಾಡುತ್ತಾರಲ್ಲ, ಅದೇ ವಿದ್ಯೆ. ಬುಟ್ಟಿಯಾಗುವ ಕಾಗದ ಮುಖವೇಕೆ ಆಗಬಾರದು? ಅಕ್ಕನ ಒರಳಿನಲ್ಲೇ ರುಬ್ಬಿದೆವು. ಮರುದಿನದ ದೋಸೆಯಲ್ಲಿ ಭಾವ ಹಳೆ ಸುದ್ದಿ ನಾಲ್ಕು ಸಾಲು ಓದಿದರು.

"ಗಡಿಗಿ ಮ್ಯಾಲೆ ಮೊದಲು ಒದ್ದೆ ಬಟ್ಟೆ ಹಾಸು," ಎಂದಳು ಅಕ್ಕ. "ಇಲ್ಲಾಂದ್ರೆ ಬಿಡಂಗಿಲ್ಲ."

ಮೊದಲ ಸಲ ಹಾಸಿದೆವು. ಮುಖವಾಡಗಳು ಬಂದವು. ಶಾಂತಿ ಒಂದೊಂದನ್ನೇ ತಿರುಗಿಸಿ ನೋಡಿದಳು. "ಮಾಮ, ಎಲ್ಲಾ ಗಡಿಗಿ ಥರಾನೇ ಅದಾವಲ್ಲ."

"ಗಡಿಗಿ ಮ್ಯಾಲೆ ಮಾಡಿದ್ರೆ ಗಡಿಗಿನೇ ಬರ್ತದ," ಎಂದ ಬಸು.

ಆ ಕ್ಷಣದಲ್ಲಿ ನನಗೆ ಜ್ಞಾನೋದಯವಾಯಿತು. ಊರಿನಲ್ಲಿ ಯಾರ ಮುಖ ಬೇಕಾದರೂ ಆಗಬಲ್ಲ ಗಡಿಗೆ ಒಂದಿದೆ, ಅದು ನನ್ನ ಕತ್ತಿನ ಮೇಲಿದೆ! ಯಾರ ಹಾಗೆ ಮುಖ ಮಾಡಿ ಕೂರುತ್ತೇನೋ, ಅವರ ಮುಖವಾಡ ಬರುತ್ತದೆ.

"ಯಾರ ಮುಖ ಬೇಕು ಹೇಳ್ರಿ," ಎಂದೆ ಬೀಗುತ್ತಾ.

ಇಬ್ಬರೂ ಒಟ್ಟಿಗೆ ಹೇಳಿದರು: "ನೋಡಾನ!"

ಸೊರಬದಿಂದ ಬಂದ ಮೇಲೆ ನಾನು ದಿನವೂ ಅವರನ್ನೇ ಆಡಿ ತೋರಿಸುತ್ತಿದ್ದುದರ ಫಲ ಇದು. ಆಗಲಿ ಎಂದೆ. ಅವರು ಬರುತ್ತೇನೆಂದು ಹೇಳಿ ಕಳಿಸಿದ್ದು ನಾಳೆಗೆ. ಇವತ್ತು ಮುಖವಾಡ ಮಾಡಿ, ನಕ್ಕು, ಸಂಜೆ ಒಲೆಗೆ ಹಾಕಿದರಾಯಿತು.

ಒದ್ದೆ ಬಟ್ಟೆಯನ್ನು ನಾನು ಶಾಸ್ತ್ರೋಕ್ತವಾಗಿ ತಿರಸ್ಕರಿಸಿದೆ. ಬಟ್ಟೆ ಹಾಸಿದರೆ ಹುಬ್ಬಿನ ಸೂಕ್ಷ್ಮ ಮುಚ್ಚಿಹೋಗುತ್ತದೆ. ಎಣ್ಣೆಯೂ ಬೇಡ, ಜಾರುತ್ತದೆ. ಬೇಗ ಬಿಗಿಯಲಿ ಎಂದು ಮುದ್ದೆಗೆ ಎರಡು ಹಿಡಿ ಗೋಂದು ಕಲಸಿದೆ. ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿ ಕುಳಿತೆ. ಎಲೆಅಡಿಕೆಯ ಬದಲು ಬಲಗೆನ್ನೆಯಲ್ಲಿ ಒಂದು ಬೆಲ್ಲದ ಉಂಡೆ. ಎಡಹುಬ್ಬು ಮೇಲೆ. ಕಣ್ಣು ಸೂರಿನ ತೊಲೆಯ ಕಡೆ. ಮಕ್ಕಳು ಕಣ್ಣು ಮತ್ತು ಮೂಗಿನ ಹೊಳ್ಳೆ ಬಿಟ್ಟು ಉಳಿದದ್ದನ್ನೆಲ್ಲ ಮೆತ್ತಿದರು. ಶಾಂತಿ ಹತ್ತಿಯ ಬಿಳಿ ಮೀಸೆ ಅಂಟಿಸಿದಳು. ಬಸು ದೇವರ ತಟ್ಟೆಯಿಂದ ವಿಭೂತಿ ತಂದು ಮೂರು ಗೆರೆ ಎಳೆದ. ಅಕ್ಕ ಅಡುಗೆಮನೆಯಿಂದ ಇಣುಕಿ, "ಅಯ್ಯ, ಇದೇನ ಖೋಡಿ ಬುದ್ಧಿ," ಎಂದು ಒಳಗೆ ಹೋದಳು.

ಮುದ್ದೆ ಅದ್ಭುತವಾಗಿ ಬಿಗಿಯಿತು. ಬೆಲ್ಲ ಕರಗಿತು, ಕೆನ್ನೆ ಕರಗಲಿಲ್ಲ. ಮುಖವಾಡದಲ್ಲಿ ಅದು ಉಬ್ಬಿಕೊಂಡೇ ನಿಂತಿತು. ಕರಗಿದ ಬೆಲ್ಲದ ವಾಸನೆ ಹಿಡಿದು ಇರುವೆಗಳು ನನ್ನ ಗಲ್ಲದ ಕೆಳಗೆ ಸಾಲು ಕಟ್ಟಿದವು. ಇನ್ನು ಸಾಕು ಎಂದು ಅಂಚಿಗೆ ಬೆರಳು ಹಾಕಿ ಎಳೆದೆ. ಮುಖವಾಡದ ಜೊತೆ ಮುಖವೂ ಬಂತು. ಇನ್ನೊಮ್ಮೆ ಎಳೆದೆ. ಕಣ್ಣಲ್ಲಿ ನೀರು ಬಂತು, ಮುಖವಾಡ ಬರಲಿಲ್ಲ. ಕೂಗೋಣವೆಂದರೆ ಬಾಯಿ ಒಳಗೆ.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ಒಣಕೆಮ್ಮು ಕೇಳಿತು. ಆ ಕೆಮ್ಮು ನನಗೆ ಗೊತ್ತು. ದಿನವೂ ನಾನೇ ಕೆಮ್ಮುತ್ತಿದ್ದ ಕೆಮ್ಮು ಅದು.

ಚನ್ನಬಸಪ್ಪನವರು ಕೊಡೆ ಮಡಚುತ್ತಾ ಅಂಗಳಕ್ಕೆ ಬಂದರು. "ರುದ್ರಪ್ಪ ಇಲ್ವ? ತಾಳಗುಂದಕ್ಕೆ ಭತ್ತ ನೋಡಕೆ ಬಂದಿದ್ದೆ. ನಾಳೆ ಬರಾದು ಇವತ್ತೇ ಬಂದ್ರಾತು ಅಂತ..."

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರ ಎಡಹುಬ್ಬು ಮೆಲ್ಲಗೆ ಮೇಲೇರಿತು. ನನ್ನದು ಆಗಲೇ ಮೇಲಿತ್ತು.

"ಯಾರು ಮಾರಾಯ ಇದು?" ಎಂದು ಮಕ್ಕಳನ್ನು ಕೇಳಿದರು.

"ಸೊರಬದ ಯಜಮಾನ್ರು," ಎಂದ ಬಸು, ಹೆಮ್ಮೆಯಿಂದ. "ಎಲ್ಲಾದಕ್ಕೂ ನೋಡಾನ ಅಂತಾರ. ಇವರ ಮಗಳನ್ನ ನಮ್ ಮಾಮ ಮದುವಿ ಆಗ್ತಾನ. ನೀವ್ ಯಾರ್ರೀ?"

"ನಾನೂ ಸೊರಬದೋನೇ," ಎಂದರು ಅವರು ಗಂಭೀರವಾಗಿ. "ಇವರು ಮಾತಾಡಲ್ವ?"

ನಾನು ಎದ್ದು ನಿಂತು ಕೈ ಮುಗಿದೆ. "ಉಂ... ಊಂ..." ಎಂದೆ. ಕ್ಷಮಿಸಬೇಕು ಎಂದು ಅದರ ಅರ್ಥ.

ಶಾಂತಿ ತಕ್ಷಣ ಅನುವಾದಿಸಿದಳು: "ನೋಡಾನ ಅಂತಿದಾರ್ರೀ."

ಅಕ್ಕ ಹೊರಗೆ ಬಂದವಳು ಇಬ್ಬರು ಚನ್ನಬಸಪ್ಪನವರನ್ನು ಕಂಡು ಕೈಯಲ್ಲಿದ್ದ ತಂಬಿಗೆ ಬಿಟ್ಟಳು. ಸುದ್ದಿ ಹೋಗಿ ಭಾವ ಅಂಗಡಿಯಿಂದ ಓಡಿ ಬಂದರು. ಗಾಬರಿಯಲ್ಲಿ ಅವರು ಮೊದಲು ನಮಸ್ಕರಿಸಿದ್ದು ನನಗೆ. ನಾನೂ ಗಾಬರಿಯಲ್ಲಿ ಹರಸಿಬಿಟ್ಟೆ.

ನೀರು ಸುರಿದರು. ಗೋಂದು ನೀರು ಕುಡಿದು ಇನ್ನಷ್ಟು ಪ್ರೀತಿಯಿಂದ ಹಿಡಿದುಕೊಂಡಿತು. ಬಿಸಿನೀರು ಸುರಿದರು. ನಾನು ಅಂಗಳವನ್ನು ಸುತ್ತು ಹಾಕಿದೆ. ಕೊನೆಗೆ ಪಕ್ಕದ ಮನೆಯ ಇಮಾಮ್ ಸಾಬರನ್ನು ಕರೆಸಿದರು. ಅವರದು ತಗಡಿನ ಕೆಲಸ, ಡಬ್ಬ, ಲಾಟೀನು ಮಾಡುವವರು. ತಗಡು ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಬಂದು ನನ್ನ ತಲೆಯನ್ನು ಸುತ್ತಲೂ ಬೆರಳಿಂದ ತಟ್ಟಿ ನೋಡಿದರು.

"ಬರೀ ಡಬ್ಬ ಆಗಿದ್ರೆ ಒಂದೇ ಏಟಿಗೆ ತೆಗೀತಿದ್ದೆ ಅಕ್ಕಾ," ಎಂದರು. "ಒಳಗೆ ಮನುಷ್ಯನ್ನ ಇಟ್ಟು ಬೆಸುಗೆ ಹಾಕಿದ್ದು ಇದೇ ಮೊದಲು ನೋಡ್ತಿರೋದು."

ಭಾವ ನನ್ನ ಕೈ ಹಿಡಿದರು, ಅಕ್ಕ ಕಾಲು. ಮಕ್ಕಳು ಹುರುಪಿನಿಂದ ಕಿವಿ ಹಿಡಿದುಕೊಂಡರು, ನನ್ನವನ್ನೇ. ಚನ್ನಬಸಪ್ಪನವರು ಕುರ್ಚಿಯಲ್ಲಿ ಕುಳಿತು ತಮ್ಮ ಮುಖವನ್ನು ಕತ್ತರಿಸುವುದನ್ನು ತಾವೇ ನೋಡಿದರು. ಹಣೆಯಿಂದ ಗಲ್ಲದವರೆಗೆ ಕತ್ತರಿ ಓಡಿತು. ಸಾಬರು ಎರಡೂ ಹೋಳು ಹಿಡಿದು "ಬಿಸ್ಮಿಲ್ಲಾ" ಎಂದು ಎಳೆದರು.

ಬಂತು. ಜೊತೆಗೆ ನನ್ನ ಎಡಹುಬ್ಬು ಪೂರ್ತಿ, ಮೀಸೆ ಅರ್ಧ.

ನನ್ನ ಬಾಯಿಗೆ ಸ್ವಾತಂತ್ರ್ಯ ಸಿಕ್ಕ ಕೂಡಲೇ ಹೇಳಿದೆ: "ತಪ್ಪಾತ್ರಿ. ಮಕ್ಕಳಿಗೆ ಕೈಗೆಲಸ ಕಲಿಸ್ತಿದ್ದೆ."

"ಕಾಣ್ತಾ ಇದೆ," ಎಂದರು ಅವರು.

ಸಾಬರ ಕೈಯಿಂದ ಎರಡೂ ಹೋಳು ತೆಗೆದುಕೊಂಡು ಜೋಡಿಸಿದರು. ಕೈ ಚಾಚಿ ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು. ಉಬ್ಬಿದ ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಿ, ಆಮೇಲೆ ತಮ್ಮ ಕೆನ್ನೆಯನ್ನೂ ಒತ್ತಿಕೊಂಡರು. "ಕೆಲಸ ಚಂದ ಐತೆ," ಎಂದು ಶಾಂತಿಯ ತಲೆ ನೇವರಿಸಿದರು. "ಮೀಸೆ ಯಾರು ಮಾಡಿದ್ದು? ನೀನಾ? ಭೇಷ್."

ಭಾವನಿಗೆ ಜೀವ ಬಂತು. ನನಗೂ. ಬಾಗಿಲ ಹಿಂದಿನ ಆ ನಗು, ಆ ಬಳೆ ಸದ್ದು ಮತ್ತೆ ಕಿವಿಯಲ್ಲಿ ಕೇಳಿತು.

"ಹುಡುಗ ಸ್ವಲ್ಪ ತುಂಟ ಇದಾನ್ರಿ, ಆದ್ರೆ ಮನಸು ಒಳ್ಳೇದು," ಎಂದರು ಭಾವ ಮೆಲ್ಲಗೆ. "ಹಂಗಾದ್ರ ನಮ್ಮ ಮಾತು..."

ಜೀವನದಲ್ಲಿ ಮೊದಲ ಸಲ ಆ ಒಂದು ಮಾತಿಗಾಗಿ ಹಾರೈಸಿದೆ. ನೋಡಾನ ಅನ್ನಲಿ ದೇವರೇ, ನೋಡಾನ ಅಂದರೂ ಸಾಕು, ಹುಬ್ಬು ಬೆಳೆಯುವ ತನಕ ಕಾಯುತ್ತೇನೆ. ಚನ್ನಬಸಪ್ಪನವರು ಎಲೆಅಡಿಕೆಯನ್ನು ಬಲಗೆನ್ನೆಗೆ ದಬ್ಬಿದರು. ಹುಬ್ಬು ಏರಿಸಿದರು. ಕೆಮ್ಮಿದರು. ಆದರೆ ತೊಲೆಯ ಕಡೆ ನೋಡಲಿಲ್ಲ. ಹುಬ್ಬಿಲ್ಲದ ನನ್ನ ಮುಖವನ್ನೇ ನೆಟ್ಟಗೆ ನೋಡಿ, ಎರಡು ಹೋಳಾದ ತಮ್ಮ ಮುಖವನ್ನು ಟವೆಲಿನಲ್ಲಿ ಸುತ್ತಿಕೊಂಡು, ಕೊಡೆ ಬಿಚ್ಚುತ್ತಾ ಹೇಳಿದರು:

"ನಮ್ಮ ಹುಡುಗಿಗೆ ಅಪ್ಪ ಒಬ್ಬ ಇದಾನೆ ರುದ್ರಪ್ಪ. ನಾವು ಹುಡುಕ್ತಾ ಇರಾದು ಗಂಡನ್ನ."