ಹೋಳಿ ಹುಣ್ಣಿಮೆಗೆ ಬಂದ ಪಾಸ್ಕ

ಹಬ್ಬದ ಅರ್ಥ ಹೇಳಲು ನಾನು ಬಾಯಿ ತೆರೆದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ಯುದ್ಧದ ಕಾಲದಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಹತ್ತಿಪ್ಪತ್ತು ಕ್ಯಾಥೋಲಿಕ್ ಮನೆಗಳಿಗೆ ನಾನೊಬ್ಬನೇ ಉಪದೇಶಿ. ಪಾದ್ರಿಗಳು ಬೆಳಗಾವಿಯಿಂದ ವರ್ಷಕ್ಕೆ ಮೂರು ನಾಲ್ಕು ಸಲ ಬರುವರು. ಉಳಿದ ದಿನದ ಜಪ, ಪಾಠ ಎಲ್ಲ ನನ್ನ ತಲೆಯ ಮೇಲೆ.

ಮೂಡಲಗಿಯ ಒಬ್ಬ ವಿಧವೆ ಅಜ್ಜಿ ಹಿಂದಿನ ಪಾಸ್ಕದಂದು, ಅಂದರೆ ಯೇಸು ಸತ್ತು ಎದ್ದ ಹಬ್ಬದಂದು, ದೀಕ್ಷಾಸ್ನಾನ ಪಡೆದಿದ್ದಳು. ಮುಂದಿನ ಪಾಸ್ಕದೊಳಗೆ ಹಬ್ಬಗಳ ಅರ್ಥ ಕಲಿತರೆ ಆಕೆಗೆ ಪೂಜೆಯ ಪವಿತ್ರ ರೊಟ್ಟಿಯ ಮೊದಲ ಪರಮಪ್ರಸಾದ, ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು ಎಂದು ಪಾದ್ರಿಗಳು ಹೇಳಿ ಹೋಗಿದ್ದರು. ಎಪ್ಪತ್ತು ದಾಟಿದ ಜೀವ. "ಇನ್ನೊಂದ ವರ್ಷ ಇರ್ತೇನೋ ಇಲ್ಲೋ, ಲಗೂ ಕಲಸ್ರಿ ಮಾಸ್ತರ" ಎನ್ನುತ್ತ, ಜಪ ಯಾವ ಊರಲ್ಲಿದ್ದರೂ ಚಕ್ಕಡಿ ಹತ್ತಿ ಬರುತ್ತಿದ್ದಳು.

೧. ಹುಕ್ಕೇರಿಯ ಸಮಾಧಿ

ನವೆಂಬರ್‌ನಲ್ಲಿ ಸತ್ತವರ ಹಬ್ಬ. ಆ ವರ್ಷ ತೀರಿಕೊಂಡ ನಮ್ಮ ಬಡಿಗನನ್ನು ಹುಕ್ಕೇರಿಯ ಹೊರಗೆ ಹೂಳಿದ್ದರು. ಮಣ್ಣಿಗೆ ನಾನು ಹೋಗಿರಲಿಲ್ಲ. ಆದರೂ ದೊಡ್ಡ ಗುಡ್ಡೆಯೊಂದನ್ನು ನೋಡಿ ನಾನೇ ಮುಂದಾಗಿ ಮೇಣದ ಬತ್ತಿ ಹಚ್ಚಿ, ಲ್ಯಾಟಿನ್ ಪ್ರಾರ್ಥನೆ ಶುರು ಮಾಡಿದೆ. ಅಜ್ಜಿ ಎರಡು ಸಲ ನನ್ನ ಅಂಗಿ ಜಗ್ಗಿದಳು. "ಜಪದ ನಡುವೆ ಮಾತಾಡಬಾರದು" ಎಂದು ಗದರಿದೆ.

ಬಾಜೂ ಹೊಲದ ಟಾಂಗಾ ಹೊಡೆಯುವ ಸಾಹೇಬರು ಕೈಕಟ್ಟಿ ನಿಂತು, ನಾನು ಮುಗಿಸುವ ತನಕ ಕಾದರು. ಆಮೇಲೆ ಮೆಲ್ಲಗೆ ಹೇಳಿದರು: "ಮಾಸ್ತರ, ನಿಮ್ಮ ಬಡಿಗ್ಯಾ ಆ ಕಡೆ ಅದಾನ್ರಿ. ಇದು ನನ್ನ ಕುದರಿ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಬತ್ತಿ ಕೀಳಲು ಬಗ್ಗಿದೆ.

"ಇರ್ಲಿ ಬಿಡ್ರಿ," ಎಂದರು ಸಾಹೇಬರು. "ಭಾಳ ದುಡದಿತ್ತು."

೨. ಗೋಕಾಕದ ಗೋದಲಿ

ಕ್ರಿಸ್‌ಮಸ್‌ಗೆ ಗೋಕಾಕದ ಜಪದ ಮನೆಯಲ್ಲಿ ಗೋದಲಿ ಕಟ್ಟಿದೆ: ಮಣ್ಣಿನ ಕೂಸು, ತಾಯಿ, ದನ, ಹುಲ್ಲು. ಅಜ್ಜಿ ಕೂಸಿನ ತಲೆಗೆ ಒಂದು ಕುಂಚಿಗೆ ಹೊಲಿದು ತಂದಿದ್ದಳು. ಜೊತೆಗೆ ಒಂದು ಬಟ್ಟಲಲ್ಲಿ ಅಂಟು, ತುಪ್ಪ ಹಾಕಿ ಕಟ್ಟಿದ ನಾಲ್ಕು ಅಂಟಿನುಂಡಿ.

"ಇದ್ಯಾಕೆ?" ಎಂದೆ.

"ಹಸೀ ಬಾಣಂತಿ ಅಲ್ರಿ? ಚಳಿ ಬ್ಯಾರೆ ಐತಿ."

"ಅದು ಮಣ್ಣಿನ ಗೊಂಬೆ, ಅಜ್ಜಿ. ಹಬ್ಬದ ಅರ್ಥ ಇದಲ್ಲ" ಎಂದು ಅರ್ಧ ತಾಸು ಉಪದೇಶ ಕೊಟ್ಟೆ. ಆಕೆ ಎಲ್ಲ ಕೇಳಿಸಿಕೊಂಡು, ಬಟ್ಟಲನ್ನು ತಾಯಿಯ ಮುಂದಿಟ್ಟು ಹೋದಳು.

ಮಧ್ಯಾಹ್ನ ಜಪದ ಮನೆಯಲ್ಲಿ ನಾನೊಬ್ಬನೇ. ತುಪ್ಪದ ವಾಸನೆ ಬರುತ್ತಿತ್ತು. ಒಂದು ತಿಂದು ನೋಡೋಣ ಎಂದುಕೊಂಡವನು ನಾಲ್ಕೂ ತಿಂದು ಮುಗಿಸಿದೆ. ಸಂಜೆ ಖಾಲಿ ಬಟ್ಟಲು ಕಂಡು ಜನ ಸುತ್ತಲೂ ನೆರೆದರು. "ಮಾತೆ ಉಂಡಾಳ" ಎಂದು ಒಬ್ಬಾಕೆ ಕೈಮುಗಿದಳು. ಎಲ್ಲರೂ ನನ್ನ ಮುಖ ನೋಡಿದರು. ಪವಾಡ ಎನ್ನಲು ಹೆದರಿಕೆ, ನಿಜ ಹೇಳಲು ನಾಚಿಕೆ. "ಇಲಿ ತಿಂದಿರಬೇಕು" ಎಂದುಬಿಟ್ಟೆ.

ಅಜ್ಜಿ ಬಟ್ಟಲನ್ನು ತಿರುಗಿಸಿ ನೋಡಿದಳು. "ಶ್ಯಾಣ್ಯಾ ಇಲಿ ಐತಿ ಬಿಡ್ರಿ. ತಿಂದು ತೊಳದ ಇಟ್ಟೈತಿ."

೩. ಮೂಡಲಗಿಯ ಪಾಸ್ಕ

ಆ ವರ್ಷ ಬೆಳಗಾವಿಯಿಂದ ಹಬ್ಬದ ಪಂಚಾಂಗ ಬರಲಿಲ್ಲ. ಪತ್ರ ಬರೆದು ಕೇಳಬಹುದಿತ್ತು. ಇಷ್ಟೂ ಗೊತ್ತಿಲ್ಲವೇ ಎಂದಾರೆಂಬ ಬಿಂಕ. ವಸಂತದ ಹುಣ್ಣಿಮೆಯ ನಂತರದ ಭಾನುವಾರವೇ ಪಾಸ್ಕ ಎಂದು ಕಲಿತದ್ದು ನೆನಪಿತ್ತು. ನಮ್ಮಲ್ಲಿ ಹೋಳಿ ಹುಣ್ಣಿಮೆಗಿಂತ ವಸಂತ ಬೇರೆ ಯಾವುದು? ಅಲ್ಲಿಂದ ಹಿಂದಕ್ಕೆ ನಲವತ್ತು ದಿನ ಎಣಿಸಿ ಎಲ್ಲರಿಗೂ ಉಪವಾಸ ಹಿಡಿಸಿದೆ.

"ಹ್ವಾದ ವರ್ಷ ಈ ಹಬ್ಬದಾಗ ಮಾವಿನಕಾಯಿ ದೊಡ್ಡೂ ಆಗಿದ್ದೂ. ಈಗ ಹುಣಚೀ ಬೀಜದಷ್ಟ ಅದಾವಲ್ರಿ?" ಎಂದಳು ಅಜ್ಜಿ.

"ಮಾವಿನಕಾಯಿ ನೋಡಿ ಹಬ್ಬ ಮಾಡೋದಿಲ್ಲ" ಎಂದು ಬಾಯಿ ಮುಚ್ಚಿಸಿದೆ.

ಹೋಳಿಯ ಬಣ್ಣ ಇನ್ನೂ ಕಿವಿಯಲ್ಲಿ ಉಳಿದಿದ್ದ ಜನ ಪಾಸ್ಕದ ಹಾಡು ಹೇಳಿ, ಕುರಿ ಕೊಯ್ದು, ಊಟಕ್ಕೆ ಕುಳಿತಿದ್ದರು. ಅಷ್ಟರಲ್ಲಿ ಪಾದ್ರಿಗಳು ಬಂದಿಳಿದರು. ಉಪವಾಸದ ಕಾಲವೆಂದು ಪಾಪನಿವೇದನೆ ಕೇಳಲು ಬಂದಿದ್ದರು. ಎಲೆಗಳ ಮೇಲಿನ ಬಾಡಿನೂಟ ನೋಡಿ, ನನ್ನನ್ನು ನೋಡಿದರು. ಹುಣ್ಣಿಮೆ ಮಾರ್ಚ್ ಇಪ್ಪತ್ತೊಂದಕ್ಕೋ ಅದರ ನಂತರವೋ ಬರಬೇಕಂತೆ. ಈ ಹೋಳಿ ಎರಡು ದಿನ ಮೊದಲೇ ಬಂದಿತ್ತು. ಖರೆ ಪಾಸ್ಕಕ್ಕೆ ಇನ್ನೂ ನಾಲ್ಕು ವಾರ.

"ಇವರು ಕಲಿಸಿದ್ದು ಇದೇನಾ?" ಎಂದು ಅವರು ಅಜ್ಜಿಯ ಕಡೆ ತಿರುಗಿದರು. "ಪಾಸ್ಕ ಅಂದರೆ ಏನು, ಹೇಳಿ."

ನನ್ನ ತಪ್ಪಿಗೆ ಆಕೆಯ ಒಂದು ವರ್ಷ ಹೋಗುವುದಿತ್ತು.

ಅಜ್ಜಿ ಎದ್ದು ಸೆರಗು ಹೊದ್ದಳು. "ಸತ್ತ ದೇವರು ಎದ್ದ ದಿನಾರಿ. ಎದ್ದಾಂವ, ತನ್ನ ಬಿಟ್ಟು ಓಡಿ ಹ್ವಾದ ಗೆಳ್ಯಾರ ಹಂತ್ಯಾಕ ಹ್ವಾದ. ಶಾಂತಿ ಇರ್ಲಿ ಅಂದ. ಬೈಲಿಲ್ಲರಿ."

ಪಾದ್ರಿಗಳು ತಲೆಯಾಡಿಸಿದರು. "ಸರಿ, ನೀವು ಪಾಸಾದಿರಿ. ಆದರೆ ಊಟ ಸಾಕು, ಎಲ್ಲರೂ ಮತ್ತೆ ಉಪವಾಸ ಶುರು ಮಾಡಬೇಕು."

"ಅಲ್ರಿ ಸ್ವಾಮಿಗಳ," ಎಂದಳು ಅಜ್ಜಿ, "ಎದ್ದ ಬಂದಾಂವನ್ನ ಮತ್ತ ಗೋರಿಯೊಳಗ ಇಡೂದ ಹೆಂಗ್ರಿ?"

ಪಾದ್ರಿಗಳು ನಗು ತಡೆಯಲಾಗದೆ ಆ ಮನೆಗಳಿಗೆಲ್ಲ ಮಾಫಿ ಕೊಟ್ಟರು. ನಾಲ್ಕು ವಾರದ ಉಪವಾಸ ನನ್ನೊಬ್ಬನ ಪಾಲಿಗೆ ಬಂತು.

ಖರೆ ಪಾಸ್ಕದ ಬೆಳಿಗ್ಗೆ ಅಜ್ಜಿ ಮೊದಲ ಪರಮಪ್ರಸಾದ ಪಡೆದಳು. ನಾನು ಬಾಗಿಲ ಹತ್ತಿರ ತಲೆ ತಗ್ಗಿಸಿ ನಿಂತಿದ್ದೆ. ಪೂಜೆ ಮುಗಿಸಿ ಹೊರಗೆ ಬಂದವಳು ನನ್ನ ಕೈಗೆ ಏನೋ ಒತ್ತಿದಳು. ನೋಡಿದರೆ ನಾಲ್ಕು ಅಂಟಿನುಂಡಿ.

"ತಿನ್ರಿ ಮಾಸ್ತರ," ಎಂದಳು. "ಇವು ಬಾಣಂತೀವಲ್ಲ."